ನಾನೂ ಒಮ್ಮೆ ರಾಜೀನಾಮೆ ಕೊಟ್ಟೆ

ರಾಜೀನಾಮೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯಭಕ್ತಿ. ಮೇಷ್ಟರಾಗಿ ಸಮಾಜ ಪಾಠ ಹೇಳುತ್ತಿದ್ದ ಕಾಲದಲ್ಲಿ ಮನಸ್ಸಿನೊಳಗೆ ಅದೆಷ್ಟು ರಾಜೀನಾಮೆ ಬರೆದಿದ್ದೆನೋ! ಹೆಡ್‌ಮಾಸ್ಟರು ಎದುರಿಗೆ ಬಂದರೆ ಸಾಕು, ಕೈ ತಾನಾಗಿ ನಮಸ್ಕಾರಕ್ಕೆ ಏಳುತ್ತಿತ್ತು. ನಿವೃತ್ತನಾಗಿ ಹೊಸದುರ್ಗದ ನಮ್ಮ ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೂ ಆ ಗುಣ ಹೋಗಿರಲಿಲ್ಲ. ಹೀಗಿರುವಾಗ ಜರ್ಮನಿಯವರೊಬ್ಬರ ವಿಷಯ ಓದಿದ್ದೇ ತಪ್ಪಾಯಿತು.

ಅವರು ಪರಿಸರವಾದಿ, ಲೇಖಕರು, ಮೇಲಾಗಿ ರಾಜಕಾರಣಿ. ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಬಿಡಿ. ದೊಡ್ಡ ಪಕ್ಷದಲ್ಲಿ ಸಂಸದರಾಗಿದ್ದರು. ಭೂಮಿಯನ್ನು ಹೀಗೇ ಬರಿದು ಮಾಡಿದರೆ ಮೊಮ್ಮಕ್ಕಳಿಗೆ ಏನುಳಿಯುತ್ತದೆ ಎಂದು ಪುಸ್ತಕ ಬರೆದರು. ಜನ ಮುಗಿಬಿದ್ದು ಓದಿದರು, ಅವರ ಪಕ್ಷದವರು ಮಾತ್ರ ಓದಲಿಲ್ಲ. ಪಕ್ಷ ಬಿಟ್ಟರು. ಹಸಿರಿನ ಹೆಸರಿನಲ್ಲಿ ಹೊಸ ಪಕ್ಷ ಕಟ್ಟಿದರು. ಅಲ್ಲಿಯೂ ಮಾತು ನಡೆಯದಿದ್ದಾಗ ಅದನ್ನೂ ಬಿಟ್ಟರು. ಇನ್ನೊಂದು ಕಟ್ಟಿದರು, ಅದರ ಕತೆಯೂ ಅಷ್ಟೇ ಆಯಿತು. ಕೊನೆಗೆ ಅವರ ಜೊತೆ ಉಳಿದದ್ದು ಬರೆಯುವ ಮೇಜೊಂದೇ. ಓದುತ್ತಾ ನನ್ನ ಕಣ್ಣು ಒದ್ದೆಯಾಯಿತು. ಸೋತರಲ್ಲ ಎಂದಲ್ಲ, ಅಷ್ಟು ಸೋತರೂ ಬಾಗಲಿಲ್ಲವಲ್ಲ ಎಂದು.

ಅದೇ ವಾರ ಸಂಘದ ಸಭೆ. ಪಾರ್ಕಿನ ಹೊಂಗೆ ಮರ ಕಡಿದು ಅಲ್ಲಿ ಸಿಮೆಂಟಿನ ವೇದಿಕೆ ಕಟ್ಟಬೇಕೆಂಬ ಮಾತು ಬಂತು. ಆ ನೆರಳೊಂದು ಇಲ್ಲದಿದ್ದರೆ ಬೇಸಿಗೆಯಲ್ಲಿ ನಮ್ಮ ಪಾರ್ಕು ಕಾದ ಹೆಂಚು. ನಾನು ಎದ್ದು ನಿಂತು ಜರ್ಮನಿಯವರ ಬದುಕನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ನಮ್ಮ ಅಧ್ಯಕ್ಷ ರುದ್ರಪ್ಪನವರು ಕೊಬ್ಬರಿ ವ್ಯಾಪಾರಿಗಳು, ಕೂಲಂಕಷವಾಗಿ ವಿಚಾರಿಸುವವರು.

“ಪಕ್ಷ ಬಿಟ್ಟ ಮೇಲೆ ಮಂತ್ರಿ ಮಾಡಿದ್ರೇನ್ರಿ ಮೇಷ್ಟ್ರೆ?” ಎಂದರು.

“ಇಲ್ಲ.”

“ನಿಗಮ ಗಿಗಮ?”

“ಏನೂ ಇಲ್ಲ.”

“ಮತ್ಯಾಕ್ ಬಿಟ್ರು?”

“ಮಣ್ಣು, ನೀರು, ಮರ ಉಳೀಲಿ ಅಂತ.”

“ಅದು ಪೇಪರಿನೋರಿಗೆ ಹೇಳೋ ಮಾತು. ಒಳಗಿಂದು ಬೇರೆ ಏನೋ ಐತೆ, ನಿಮಗೆ ಗೊತ್ತಾಗಿಲ್ಲ ಬಿಡ್ರಿ.”

ಸಭೆ ತಲೆಯಾಡಿಸಿತು. ಅವರನ್ನು ದೂರಲಾರೆ. ಪಕ್ಷ ಬಿಟ್ಟವರು ಬರಿಗೈಯಲ್ಲಿ ಮನೆಗೆ ಹೋದದ್ದನ್ನು ನಾವ್ಯಾರೂ ಕಂಡವರಲ್ಲ. ಮರ ಉಳಿಯಲಿ ಎಂದು ಎದ್ದದ್ದು ನನ್ನದೊಂದೇ ಕೈ. ಅದೇ ಕೈಯಲ್ಲಿ ಅಲ್ಲೇ ರಾಜೀನಾಮೆ ಬರೆದು ಕೊಟ್ಟುಬಿಟ್ಟೆ. ಎದೆ ಹಗುರಾಯಿತು. ಮನೆಗೆ ಬಂದು ಹೆಂಡತಿ ಗಿರಿಜೆಗೆ ಹೇಳಿದರೆ, “ಒಳ್ಳೇದಾತು, ಹಂಗಾದ್ರೆ ನಾಳೆ ರಾಗಿ ಬೀಸಿಸ್ಕೊಂಡು ಬರ್ರಿ” ಎಂದಳು.

ಬೀಸಿಸಿಕೊಂಡು ಬಂದ ಸಂಜೆಯೇ ರುದ್ರಪ್ಪನವರು ನಾಲ್ವರನ್ನು ಕಟ್ಟಿಕೊಂಡು, ಬಾಳೆಹಣ್ಣಿನ ಚಿಪ್ಪು ಹಿಡಿದು ಮನೆಗೇ ಬಂದರು. “ಅಧ್ಯಕ್ಷ ಆಗ್ಬೇಕು ಅಂತಿದ್ರೆ ಬಾಯ್ಬಿಟ್ಟು ಹೇಳಬಾರ್ದೇನ್ರಿ? ಅದಕ್ಕೆ ಜರ್ಮನಿಗೆಲ್ಲ ಯಾಕ್ ಹೋಗ್ಬೇಕಿತ್ತು? ನನಗೂ ಸಾಕಾಗೈತೆ, ನೀವೇ ಆಗ್ರಿ” ಎಂದರು. ನನಗೆ ರೇಗಿತು. “ನನಗೆ ಬೇಕಾಗಿರೋದು ಮರ ಕಣ್ರಿ!” ಎಂದೆ. ಅವರು ನಕ್ಕರು. “ಅಧ್ಯಕ್ಷರೇ ಬ್ಯಾಡ ಅಂದ್ರೆ ಕಡಿಯೋನ್ಯಾರು? ನೀವು ಆಗಲ್ಲ ಅಂದ್ರೆ ಸೋಮವಾರ ಗರಗಸದೋರು ಬರ್ತಾರೆ.”

ಒಪ್ಪಿದರೆ ಮರ ಉಳಿಯುತ್ತದೆ, ಆದರೆ ರಾಜೀನಾಮೆ ಕೊಟ್ಟದ್ದೇ ಕುರ್ಚಿಗಾಗಿ ಎಂದು ಊರೆಲ್ಲ ಹೇಳುತ್ತದೆ. ಒಪ್ಪದಿದ್ದರೆ ನನ್ನ ಮಾನ ಉಳಿಯುತ್ತದೆ, ನೆರಳು ಹೋಗುತ್ತದೆ. ಜರ್ಮನಿಯವರು ಏನು ಮಾಡುತ್ತಿದ್ದರೆಂದು ಯೋಚಿಸಿದೆ. ಪಾಪ, ಅವರ ಮನೆಗೆ ಯಾರೂ ಬಾಳೆಹಣ್ಣು ತಂದಿರಲಿಲ್ಲ. ಒಪ್ಪಿಕೊಂಡೆ.

ಭಾನುವಾರ ಅಧಿಕಾರ ಸ್ವೀಕಾರ. ಬೆಳಿಗ್ಗೆ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಾ ನನಗೇ ತಿಳಿಯದಂತೆ ಏನೋ ಗುನುಗುತ್ತಿದ್ದೆ. ಗಿರಿಜೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ರೀ, ಮರ ಕಡಿಯಲ್ಲ, ಆದ್ರೆ ಅಧ್ಯಕ್ಷ ಬೇರೆ ಯಾರೋ ಆಗ್ತಾರೆ ಅಂದಿದ್ರೆ ಹಿಂಗೇ ಹಾಡ್ತಿದ್ರಾ?” ಎಂದು ಕೇಳಿದಳು.

ನಿಜಕ್ಕೂ ನಾಚಿಕೆಯಾಯಿತು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಅಂಗಿ ಕೈಗೆತ್ತಿಕೊಂಡೆ. ಆಮೇಲೆ ನೋಡಿದರೆ ಎಡದ ತೋಳು ಸುಕ್ಕಾಗಿಯೇ ಉಳಿದಿತ್ತು. ಮತ್ತೆ ಸ್ವಿಚ್ಚು ಹಾಕಿದೆ.