ಅಕ್ಕಿ ಡಬ್ಬಿಯೊಳಗಿನ ಲೆನ್ಸು

ನನ್ನ ಸೋದರಮಾವ ಮದುವೆಗೆ ಹೆಣ್ಣನ್ನು ಒಂದೇ ಮಧ್ಯಾಹ್ನದಲ್ಲಿ, ಅದೂ ಉಪ್ಪಿಟ್ಟು ತಿನ್ನುತ್ತಲೇ ಒಪ್ಪಿಕೊಂಡವರು. ಆದರೆ ಕ್ಯಾಮರಾಕ್ಕೆ ಲೆನ್ಸು ಆರಿಸಲು ಅವರಿಗೆ ಪ್ರತಿ ವರ್ಷ ಒಂದು ತಿಂಗಳು ಬೇಕಾಗುತ್ತಿತ್ತು!

ಎಪ್ಪತ್ತರ ದಶಕದ ಕೊನೆಯ ಮಾತು. ಮಾವ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ಚೀಲವನ್ನು ಕೈಯಲ್ಲಿ ಎತ್ತಿ ನೋಡಿಯೇ ತೂಕ ಹೇಳುವವರೆಂದು ಹೆಸರಾಗಿದ್ದರು. ಅವರು ಹೇಳಿದ ಮೇಲೆ ತಕ್ಕಡಿಗೂ ಎದುರಾಡುವ ಧೈರ್ಯವಿರಲಿಲ್ಲ. ಅವರ ಬಳಿ ಮೂರು ಲೆನ್ಸುಗಳಿದ್ದವು: ಇಡೀ ಗುಡ್ಡ ಹಿಡಿಸುವ ಅಗಲದ್ದೊಂದು, ಎದುರು ಕೂತವರಿಗೆ ಸಾಕಾಗುವ ಸಾದಾ ಒಂದು, ದೂರದ್ದನ್ನು ಹತ್ತಿರ ತರುವ ಗೇಣುದ್ದದ್ದೊಂದು. ಬೂಷ್ಟು ಹಿಡಿಯಬಾರದೆಂದು ಆ ಉದ್ದದ್ದನ್ನು ಒಣ ಅಕ್ಕಿ ತುಂಬಿದ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಅಕ್ಕಿಯ ಊರಿನಲ್ಲಿ ಇನ್ನೇನು ಮಾಡಬೇಕು?

ಚಳಿಗಾಲದಲ್ಲಿ ದೇವದುರ್ಗದ ಆಚೆ, ಕಲ್ಲುಗುಡ್ಡಗಳ ನಡುವೆ ಕೃಷ್ಣೆ ಹರಿಯುವಲ್ಲಿ ಹೆಬ್ಬಾತುಗಳು ಬಂದಿಳಿಯುತ್ತಿದ್ದವು. ಅವುಗಳದೊಂದು ಫೋಟೋ ತೆಗೆಯಬೇಕೆಂಬುದೇ ಮಾವನ ಜೀವದಾಸೆ. ಹಿಂದಿನ ವರ್ಷ ಇವರು ಲೆನ್ಸು ಬದಲಿಸುವಷ್ಟರಲ್ಲಿ ಅವು ಹಾರಿಹೋಗಿದ್ದವು. ಆ ಖಾಲಿ ನೀರಿನ ಫೋಟೋಕ್ಕೂ ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ, ಮನೆಗೆ ಬಂದವರಿಗೆ “ಇಲ್ಲೇ ಕುಂತಿದ್ವು ನೋಡ್ರಿ” ಎಂದು ತೋರಿಸುತ್ತಿದ್ದರು. ಬಂದವರು ಪಾಪ, ಕುಡಿದ ಚಹಾದ ಋಣಕ್ಕೆ ತಲೆಯಾಡಿಸುತ್ತಿದ್ದರು.

ಆ ಗೋಡೆಯ ಮೇಲೆ ಅತ್ತೆಯದೊಂದೂ ಫೋಟೋ ಇರಲಿಲ್ಲ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು.

“ನಂದೂ ಒಂದು ತಗೀರಿ” ಎಂದು ಅತ್ತೆ ಕೇಳಿದರೆ, “ನೀ ಎಲ್ಲಿ ಹಾರಿ ಹೋಗ್ತಿ? ಮೊದ್ಲ ಹಾರಾವ್ನ ಹಿಡೀತೀನಿ” ಎನ್ನುತ್ತಿದ್ದರು.

ಆ ವರ್ಷ ನಾನು ರಾಯಚೂರಿನಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ಮಾವ ನನ್ನನ್ನೂ ಎಳೆದುಕೊಂಡು ಹೋಗಿ, ಗಡಿಯಾರ ರಿಪೇರಿಯ ಸಾಹೇಬರ ಮುಂದೆ ಮೂರೂ ಲೆನ್ಸು ಹರಡಿದರು.

“ಹಕ್ಕಿ ಕುಂತ್ರ ಉದ್ದಂದು ಬೇಕು, ಎದ್ರ ಅಗಲಂದು ಬೇಕು. ಯಾವ್ದು ಒಯ್ಯಲಿ?”

ಸಾಹೇಬರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆ, “ಜೋಡಿ ಯಾರು ಬರ್ತಾರ ಭಾಯ್?” ಎಂದರು.

“ಮನಿಯಾಕಿ, ಈ ಅಳಿಯ.”

“ಹಂಗಾರ ಸಾದಾ ಒಯ್ರಿ. ಮನಷ್ಯಾರಿಗೆ ಅದ ಛಲೋ.”

ಮಾವನಿಗೆ ಈ ಸಲಹೆ ರುಚಿಸಲಿಲ್ಲ. ಉದ್ದದ್ದೇ ಸೈ ಎಂದು ಎದ್ದುಬಂದರು.

ಹೊರಡುವ ಮುಂಜಾನೆ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಅತ್ತೆ ಡಬ್ಬಿಯಿಂದ ಆ ಉದ್ದ ಲೆನ್ಸು ತೆಗೆದು ಬೇಳೆ ಗಡಿಗೆಯ ಹಿಂದೆ ಇಡುತ್ತಿದ್ದರು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಹೊಸ ಇಳಕಲ್ ಸೀರೆ ಉಟ್ಟಿದ್ದರು. ನನ್ನನ್ನು ಕಂಡು “ಸುಮ್ನಿರಪಾ” ಎಂದರು. ಅಷ್ಟರಲ್ಲಿ ಮಾವ ಬಂದು ಡಬ್ಬಿ ಎತ್ತಿಕೊಂಡು, “ನಡ್ರಿ, ಬಸ್ಸು ಹೋಗ್ತದ” ಎಂದರು. ನಾನು ನೀರಿನ ತಂಬಿಗೆ ಕೆಳಗಿಟ್ಟು ಹಿಂದೆ ನಡೆದೆ.

ನದಿಯಲ್ಲಿ ಹೆಬ್ಬಾತುಗಳು ಬೀಗರ ಹಾಗೆ ಸಾಲಾಗಿ ಕೂತಿದ್ದವು. ಮಾವ ಡಬ್ಬಿಯೊಳಗೆ ಕೈ ಹಾಕಿ ತಡಕಾಡಿದರು. ಬರೀ ಅಕ್ಕಿ! ಇನ್ನು ಕೃಷ್ಣೆಗೆ ಬೆಂಕಿ ಹತ್ತುತ್ತದೆಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾವ ಮಾತ್ರ, “ಮರ್ತು ಬಂದೀನಿ ಅಂತ ಕಾಣ್ತದ” ಎಂದರು.

“ಹೋಗ್ಲಿ ಬಿಡ್ರಿ. ಅಕ್ಕಿ ಅದಲ್ಲ, ಅನ್ನಕ್ಕ ಇಡ್ತೀನಿ” ಎಂದು ಅತ್ತೆ ಮೂರು ಕಲ್ಲು ಹೂಡಿದರು.

ಕ್ಯಾಮರಾಕ್ಕೆ ಯಾವಾಗಲೂ ಹಾಕಿರುತ್ತಿದ್ದದ್ದು ಸಾದಾ ಲೆನ್ಸು. ಅದಕ್ಕೆ ಹೆಬ್ಬಾತುಗಳು ಸಾಸಿವೆ ಕಾಳಿನಷ್ಟು ಕಂಡವು. ಮಾವ ನದಿಗೆ ಬೆನ್ನು ಹಾಕಿ ಒಲೆಯ ಮುಂದೆ ಕೂತರು. ಅತ್ತೆ ಬೆಂಕಿ ಊದಿದ್ದು, ಹೊಗೆಗೆ ಕಣ್ಣೊರೆಸಿಕೊಂಡದ್ದು, ಸೆರಗು ಸರಿಮಾಡಿಕೊಂಡು ನಕ್ಕದ್ದು: ಇಡೀ ರೀಲು ಅತ್ತೆಗೇ ಮುಗಿಯಿತು. ಹೆಬ್ಬಾತುಗಳು ಯಾವಾಗ ಎದ್ದುಹೋದವೋ ಯಾರೂ ನೋಡಲಿಲ್ಲ.

ಗೋಡೆಯ ಮೇಲೆ ಖಾಲಿ ನೀರಿನ ಫೋಟೋದ ಜಾಗಕ್ಕೆ ಅತ್ತೆಯ ನಗು ಬಂದು ಆರೇಳು ವರ್ಷವಾದ ಮೇಲೆ, ಒಂದು ಸಂಜೆ ನಾನು ಬಾಯಿ ತಡೆಯಲಾರದೆ ಮಾವನಿಗೆ ಬೇಳೆ ಗಡಿಗೆಯ ಗುಟ್ಟು ಹೇಳಿಬಿಟ್ಟೆ.

ಮಾವ ಚಹಾದ ಬಸಿ ಕೆಳಗಿಟ್ಟರು. “ಡಬ್ಬಿ ಎತ್ತಿದ ಕೂಡ್ಲೇ ಗೊತ್ತಾತು. ದಿನಾ ಚೀಲ ಎತ್ತಾವ ನಾನು. ಹಗುರ ಇತ್ತು.”

“ಮತ್ತ ಯಾಕ ಸುಮ್ನ ಬಂದ್ರಿ ಮಾವಾ?”

“ಆಕಿ ಹೊಸಾ ಸೀರಿ ಉಟ್ಟು ನಿಂತಿದ್ಲು” ಎಂದು ಅವರು ಗೋಡೆಯ ಕಡೆ ನೋಡಿದರು. “ಹನ್ನೆರಡು ವರ್ಷ ಕೇಳಿದ್ಲು ನೋಡಪಾ. ನಾನ ಕಿವಿಗೆ ಹಾಕ್ಕೊಂಡಿರಲಿಲ್ಲ.”

ಒಳಗೆ ಅತ್ತೆ ಪಾತ್ರೆ ಸರಿಸಿದ ಸದ್ದಾಯಿತು. ಮಾವ ದನಿ ತಗ್ಗಿಸಿದರು.

“ಆಕೀಗೆ ಹೇಳಬ್ಯಾಡ. ನನಗ ಗೊತ್ತಿಲ್ಲಂತನ ತಿಳ್ಕೊಂಡಾಳ.”