ಕಡ ತಂದ ಹೊಗೆ

ನಮ್ಮ ಸೋದರತ್ತೆಗೆ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬರಬೇಕಾದರೆ ಅದು ಮೊದಲು ಎಲ್ಲಿಗಾದರೂ ಹೋಗಿರಬೇಕಲ್ಲ! ಅತ್ತೆಯ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು, ಮುಖ ತೊಳೆದು, ಜಗಲಿಯ ಮೇಲೆ ಕೂತಿರುತ್ತದೆ. ಹಾಲು ಒಡೆದರೆ ಹಾಲಿನವನ ಮೇಲೆ ಸಿಟ್ಟು. ಒಡೆಯದಿದ್ದರೆ, "ಏನ್ ಬೆರೆಸವ್ನೋ ಏನೋ, ಎಲ್ಡು ದಿನ ಆದ್ರೂ ಕೆಡಂಗೇ ಇಲ್ಲ!" ಎಂದು ಮತ್ತೆ ಅವನ ಮೇಲೆಯೇ. ಒಮ್ಮೆ ಪಾವಗಡದ ಬಸ್ಸು ಸರಿಯಾದ ಸಮಯಕ್ಕೆ ಹೊರಟುಬಿಟ್ಟಿತೆಂದು ಅತ್ತೆ ಕಂಡಕ್ಟರನ ಜೊತೆ ಊರಿಗೆಲ್ಲ ಕೇಳುವಂತೆ ಜಗಳವಾಡಿದ್ದಳು. "ದಿನಾ ಲೇಟಾಗಿ ಬರಾದು ಅಭ್ಯಾಸ ಮಾಡ್ಸಿ, ಇವತ್ತು ಇಂಗೆ ಮೋಸ ಮಾಡಬೌದೇನಪ್ಪಾ?" ಕಂಡಕ್ಟರ್ ಏನು ಹೇಳಿಯಾನು? ಪಾಪ, ಕ್ಷಮೆ ಕೇಳಿದ!

ಅತ್ತೆಯ ಮನೆ ಇರುವುದು ಪಾವಗಡ ತಾಲ್ಲೂಕಿನ ರಾಯಚರ್ಲು ಕಡೆಯ ಒಂದು ಸಣ್ಣ ಹಟ್ಟಿಯಲ್ಲಿ. ಕುರಿ ಸಾಕುವ ಹತ್ತಿಪ್ಪತ್ತು ಮನೆಗಳು, ಅಷ್ಟೆ. ನಾನು ಮಧುಗಿರಿಯ ಬಸ್‌ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅರ್ಜಿ ತುಂಬಿಕೊಡುವುದೂ ನನ್ನ ಕೆಲಸವೇ. ಒಂದು ದಿನ ಅತ್ತೆ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ನನ್ನ ಮೇಜಿನ ಮೇಲೆ ಎಸೆದು, "ಲೇ ಹುಡ್ಗಿ, ಇದನ್ನ ತುಂಬು. ಅವ್ರು ಕೊಡಲ್ಲ, ನಂಗೊತ್ತು. ಆದ್ರೂ ತುಂಬು" ಎಂದಳು. ಕೇಳುವ ಮೊದಲೇ ಕೊಡದವರ ಮೇಲೆ ಸಿಟ್ಟಾಗುವುದೆಂದರೆ ಇದು!

ಕಾಗದ ಓದಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕೆಲವು ಮೇಷ್ಟ್ರುಗಳು, ವ್ಯಾಪಾರಿಗಳು, ಡಾಕ್ಟರುಗಳು ಸೇರಿ ಒಂದು ನಿಧಿ ಕಟ್ಟಿದ್ದರು. ಇಂಗಾಲದ ಹೊಗೆಯನ್ನು ಕಡಿಮೆ ಮಾಡುವ ಕೆಲಸವನ್ನು ಯಾವುದಾದರೂ ಊರಿನವರು ಕೈಗೆತ್ತಿಕೊಂಡು ತಮ್ಮ ಪಾಲು ಹಾಕಿದರೆ, ಉಳಿದದ್ದನ್ನು ನಿಧಿಯೇ ತುಂಬುತ್ತದೆ. ಹಟ್ಟಿಯ ಹೆಂಗಸರಿಗೆ ಬೇಕಾಗಿದ್ದದ್ದು ಸೋಲಾರಿನಲ್ಲಿ ಓಡುವ ಒಂದು ಹಿಟ್ಟಿನ ಗಿರಣಿ. ಅವರು ತಮ್ಮ ಪಾಲನ್ನು ಆಗಲೇ ಕೂಡಿಸಿಟ್ಟಿದ್ದರು. ಹಟ್ಟಿಯಲ್ಲಿ ಗಿರಣಿಯಿಲ್ಲ. ರಾಗಿ ಬೀಸಿಸಬೇಕಾದರೆ ಮೂಟೆಯನ್ನು ತಲೆಯ ಮೇಲೆ ಹೊತ್ತು ಪಕ್ಕದ ಊರಿಗೆ ಒಂದು ಗಂಟೆ ನಡೆಯಬೇಕು. ಹಿಟ್ಟು ಹೊತ್ತು ಮತ್ತೊಂದು ಗಂಟೆ.

ಅರ್ಜಿ ತುಂಬಲು ಕೂತೆ.

"ಅತ್ತೆ, ಸದ್ಯ ಬಳಸುತ್ತಿರುವ ವಾಹನ ಯಾವುದು ಅಂತ ಕೇಳಿದ್ದಾರೆ."

"ನನ್ ತಲೆ ಅಂತ ಬರಿ."

"ವಾಹನಕ್ಕೆ ಬಳಸುವ ಇಂಧನ?"

"ಮುದ್ದೆ!"

ನಾನು ನಕ್ಕೆ. ಅತ್ತೆ ನಗಲಿಲ್ಲ. "ಯಾಕ್ ನಗ್ತೀಯ? ಸುಳ್ಳಾ? ಒಂದಿನ ಮುದ್ದೆ ಇಲ್ದೆ ನಡೀಲಿ ನೋಡಾಣ ಈ ಗಾಡಿ!" ಕೊನೆಗೆ ಇಂಧನದ ಜಾಗದಲ್ಲಿ ಸೊನ್ನೆ ಬರೆದೆ. ಅದೇ ತಪ್ಪಾಯಿತು.

ಅರ್ಜಿ ಹಾಕಿದವರನ್ನೆಲ್ಲ ಶಿರಾಕ್ಕೆ ಕರೆದರು. ನಾನೂ ಅತ್ತೆಯ ಜೊತೆ ಹೋದೆ. ನಿಧಿಯ ಸಂಯೋಜಕ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟ ಯುವಕ, ಬಲು ವಿನಯವಂತ. ನಮಗಿಂತ ಮೊದಲಿನ ಸರದಿ ಶಿರಾದ ಐಸ್ ಫ್ಯಾಕ್ಟರಿ ಸಾಹೇಬರದು. ಅವರ ಹತ್ತಿರ ದೊಡ್ಡ ದೊಡ್ಡ ಡೀಸೆಲ್ ಜನರೇಟರುಗಳಿದ್ದವು. ಅವು ಡೀಸೆಲ್ ಕುಡಿಯುವ ಪರಿಯನ್ನು ಸಾಹೇಬರು ವರ್ಣಿಸುತ್ತ ಹೋದಂತೆ ಸಂಯೋಜಕನ ಕಣ್ಣುಗಳು ಹೊಳೆದವು. "ತುಂಬಾ ಒಳ್ಳೆಯದು, ತುಂಬಾ ಒಳ್ಳೆಯದು!" ಎಂದು ಬರೆದುಕೊಂಡ.

ಆಮೇಲೆ ನಮ್ಮ ಸರದಿ. ಅವನು ಅರ್ಜಿಯನ್ನು ಎರಡು ಸಲ ತಿರುವಿ ನೋಡಿದ. ಮುಖ ಬಾಡಿತು.

"ಅಮ್ಮಾ, ಇಲ್ಲಿ ಇಂಧನ ಸೊನ್ನೆ ಅಂತ ಇದೆ. ನೀವು ಹೊಗೆಯನ್ನೇ ಬಿಡುತ್ತಿಲ್ಲವಲ್ಲ! ಹಾಗಾದರೆ ಕಡಿಮೆ ಮಾಡುವುದು ಏನನ್ನ? ನಮ್ಮ ನಿಯಮದ ಪ್ರಕಾರ ನಿಮಗೆ ಬೇಸ್‌ಲೈನ್ ಇಲ್ಲ."

"ಅದೇನಪ್ಪಾ ಅದು? ಎಲ್ಲಿ ಸಿಕ್ತದೆ?"

"ಸಿಗುವ ವಸ್ತುವಲ್ಲ ಅಮ್ಮಾ. ಈಗ ಎಷ್ಟು ಹೊಗೆ ಬಿಡುತ್ತೀರಿ ಅನ್ನುವ ಲೆಕ್ಕ. ಒಂದೇ ಒಂದು ಡೀಸೆಲ್ ಎಂಜಿನ್ ಓಡುತ್ತಿದ್ದರೂ ಸಾಕಿತ್ತು."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಾನು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡೆ.

"ಏಮಯ್ಯಾ, ಕುಡುಕ ಕುಡಿಯಾದು ಬುಟ್ರೆ ಹಾರ ಆಕ್ತೀರ. ಹುಟ್ಟಿದಾಗ್ಲಿಂದ ಒಂದು ತೊಟ್ಟೂ ಮುಟ್ದೋಳಿಗೆ ಬಾಗ್ಲು ತೋರಿಸ್ತೀರ? ನಾವು ಕತ್ತು ಮುರ್ಕೊಂಡು ಹೊತ್ತಿದ್ದು ಲೆಕ್ಕಕ್ಕಿಲ್ಲ, ಅವರು ಉರಿಸಿದ್ದು ಲೆಕ್ಕಕ್ಕೈತೆ! ಇದ್ಯಾವ ನ್ಯಾಯ ಕಣಪ್ಪಾ?"

ಸಾಮಾನ್ಯವಾಗಿ ಅತ್ತೆ ಸಿಟ್ಟಾದಾಗ ನಾನು ಎದುರಿನವರ ಕಡೆ ನೋಡಿ ಕ್ಷಮಿಸಿ ಎಂಬಂತೆ ನಗುವುದುಂಟು. ಅಂದು ನಗು ಬರಲಿಲ್ಲ. ನನಗೂ ಉರಿಯಿತು! ಅಲ್ಲ, ಲೋಕಕ್ಕೆ ಯಾವ ಕೇಡನ್ನೂ ಮಾಡದವರು ಸಹಾಯ ಪಡೆಯಬೇಕಾದರೆ ಮೊದಲು ಒಂದಿಷ್ಟು ಕೇಡು ಮಾಡಿ ಬರಬೇಕೆ? ಹೆಂಗಸಿನ ಕತ್ತು ನೋಯುವುದನ್ನು ಬರೆಯಲು ಅರ್ಜಿಯಲ್ಲಿ ಒಂದು ಗೆರೆಯಷ್ಟೂ ಜಾಗವಿಲ್ಲ. ಕತ್ತಿನಿಂದ ಹೊಗೆ ಬಂದಿದ್ದರೆ ಇರುತ್ತಿತ್ತೇನೋ!

ಸಂಯೋಜಕ ಒಳ್ಳೆಯವನೇ. ಬೆವರು ಒರೆಸಿಕೊಳ್ಳುತ್ತ, "ಮುಂದಿನ ವಾರ ಹಟ್ಟಿಗೇ ಬಂದು ನೋಡುತ್ತೇನೆ, ಏನಾದರೂ ದಾರಿ ಸಿಕ್ಕೀತು" ಎಂದ. ಹೊರಗೆ ಬಂದರೆ ಐಸ್ ಫ್ಯಾಕ್ಟರಿ ಸಾಹೇಬರು ನಮಗಾಗಿ ಕಾಯುತ್ತ ನಿಂತಿದ್ದರು.

"ಅರೆ ಅಮ್ಮಾ, ಫಿಕರ್ ಯಾಕೆ ಮಾಡ್ತೀರಿ? ಅವರಿಗೆ ಹೊಗೆ ಬೇಕು ತಾನೇ? ನಮ್ಮತ್ರ ಬೇಕಾದಷ್ಟು ಐತೆ. ಒಂದಿನದ ಮಟ್ಟಿಗೆ ತಗೊಂಡೋಗಿ!"

ಹಾಗೆ ಶಿರಾದ ಹಳೆಯ ಜನರೇಟರೊಂದು ಲಗೇಜ್ ಆಟೊದಲ್ಲಿ ಕೂತು ಪಾವಗಡ ತಾಲ್ಲೂಕಿಗೆ ಪ್ರಯಾಣ ಬೆಳೆಸಿತು. ಕಳಿಸುವಾಗ ಸಾಹೇಬರು, "ಮೂರು ಸಲ ಎಳೀರಿ, ನಾಲ್ಕನೇ ಸಲ ಬಯ್ಯಿರಿ, ಆವಾಗ ಶುರುವಾಗ್ತದೆ" ಎಂದಿದ್ದರಂತೆ. ನಮ್ಮತ್ತೆ ಮೊದಲನೆಯ ಸಲವೇ ಬೈದಳು. ತಕ್ಷಣ ಶುರುವಾಯಿತು!

ಆದರೆ ಆ ಜನರೇಟರಿಗೆ ಏನನ್ನು ಜೋಡಿಸಬೇಕೆಂದು ಯಾರೂ ಯೋಚಿಸಿರಲಿಲ್ಲ. ಹಟ್ಟಿಯಲ್ಲಿ ಗಿರಣಿಯೇ ಇಲ್ಲವಲ್ಲ! ಅತ್ತೆ ಮೂಲೆಯಲ್ಲಿದ್ದ ಬೀಸುಕಲ್ಲನ್ನು ಎಳೆದು ತಂದು ಅದರ ಪಕ್ಕದಲ್ಲಿಟ್ಟು, ಎರಡಕ್ಕೂ ನಡುವೆ ಒಂದು ಹಗ್ಗ ಕಟ್ಟಿದಳು. ಸಂಯೋಜಕ ಬರುವ ಹೊತ್ತಿಗೆ ಹಟ್ಟಿಯಲ್ಲಿ ಒಂದು ಮನೆಯೂ ಕಾಣುತ್ತಿರಲಿಲ್ಲ. ಕುರಿಗಳು ದಿಕ್ಕು ತಪ್ಪಿ ಯಾರ್‍ಯಾರದೋ ಮನೆಯೊಳಗೆ ನುಗ್ಗಿದ್ದವು. ಅವನು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ, ಹೊಗೆಯ ನಡುವೆಯೇ ಪುಸ್ತಕ ತೆರೆದ. ಹಗ್ಗವನ್ನೂ ನೋಡಲಿಲ್ಲ, ಕಲ್ಲನ್ನೂ ನೋಡಲಿಲ್ಲ.

"ಅಮ್ಮಾ, ಇದನ್ನ ಅವತ್ತೇ ಹೇಳಬಾರದಿತ್ತೇ? ಬೇಸ್‌ಲೈನ್ ತುಂಬಾ ಚೆನ್ನಾಗಿದೆ! ಅರ್ಜಿ ಪಾಸಾದಂತೆಯೇ!"

ಇನ್ನೇನು, ಗೆದ್ದೆವು ಎಂದು, ಅಂದು ಅಂಗಡಿ ಮುಚ್ಚಿ ಹಟ್ಟಿಗೆ ಬಂದಿದ್ದ ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅತ್ತೆ ದಡದಡ ಹೋಗಿ ಜನರೇಟರನ್ನು ನಿಲ್ಲಿಸಿದಳು.

"ಥೂ! ಹೊಗೆ ನೋಡಿ ನಿನ್ ಮಕ ಅರಳ್ತಲ್ಲಪ್ಪಾ! ನಾನು ನಿಜ ಹೇಳ್ದಾಗ ಬಾಡೋಗಿತ್ತಲ್ಲ! ಇದು ನಮ್ದಲ್ಲ. ಸಿರಾದಿಂದ ಕಡ ತಂದಿರಾದು. ಮುದುಕಿ ಸುಳ್ಳು ಹೇಳಿದ್ಳು ಅಂತ ಬರ್ಕೊ. ನನ್ನ ಸುಳ್ಳು ಹೇಳಂಗೆ ಮಾಡ್ದೋನು ನೀನು ಅಂತ್ಲೂ ಬರ್ಕೊ! ಬರ್ದಾಯ್ತಾ? ಈಗ ಈ ಮೂಟೆ ಹೊತ್ಕೊಂಡು ನನ್ನಿಂದೆ ಬಾ."

ಅವನು ಹೊತ್ತ. ಹೊರದೆ ಇರುವುದು ಯಾರಿಗೆ ಸಾಧ್ಯವಿತ್ತು? ಮುಂದೆ ಒಂದು ಮೂಟೆ ಹೊತ್ತ ಅತ್ತೆ, ನಡುವೆ ಇನ್ನೊಂದನ್ನು ಹೊತ್ತ ಇಸ್ತ್ರಿ ಜುಬ್ಬಾ, ಹಿಂದೆ ಅವನ ಲ್ಯಾಪ್‌ಟಾಪ್ ಹಿಡಿದ ನಾನು. ದಾರಿಯ ಎರಡೂ ಕಡೆ ಪಾವಗಡದ ಸೋಲಾರ್ ಪಾರ್ಕಿನ ಫಲಕಗಳು ಕಣ್ಣಿಗೆ ಎಟುಕುವಷ್ಟು ದೂರ ಮಲಗಿದ್ದವು. "ನೋಡ್ಕೊಳಪ್ಪಾ," ಎಂದಳು ಅತ್ತೆ, "ಅವು ಮಲ್ಕೊಂಡೇ ಕೆಲ್ಸ ಮಾಡ್ತವೆ. ನಮ್ಗೇ ಆ ಪುಣ್ಯ ಇಲ್ಲ."

ಕಾಲು ಗಂಟೆ ಆಗಿರಬಹುದು. ಜುಬ್ಬಾದ ಇಸ್ತ್ರಿ ಎಲ್ಲೋ ಹೋಗಿತ್ತು.

"ಅಮ್ಮಾ, ಇನ್ನೆಷ್ಟು ದೂರ?"

"ಕೇಳ್ದೆ ನಡುದ್ರೆ ಹತ್ರ."

ಅರ್ಧ ದಾರಿಯಲ್ಲಿ ಅವನು ಮೂಟೆ ಇಳಿಸಿ ಜಾಲಿಯ ನೆರಳಲ್ಲಿ ಕೂತುಬಿಟ್ಟ. ಎರಡೂ ಕೈಗಳಿಂದ ಕತ್ತು ಹಿಡಿದುಕೊಂಡಿದ್ದ. ಅತ್ತೆ ಅವನಿಗೆ ನೀರು ಕೊಟ್ಟಳು, ಬೈಯುತ್ತಲೇ. ಅವನು ಕುಡಿದು ಎದ್ದ. ಮತ್ತೆ ಮೂಟೆ ಹೊತ್ತು ಗಿರಣಿಯವರೆಗೂ ಬಂದ, ಹಿಟ್ಟು ಹೊತ್ತು ವಾಪಸ್ಸೂ ಬಂದ.

ನಿಧಿಯ ಸಭೆಯಲ್ಲಿ ಆಮೇಲೆ ದೊಡ್ಡ ಜಗಳವೇ ಆಯಿತಂತೆ. ನಿಯಮ ನಿಯಮವೇ ಎಂದು ಕೆಲವರು ಪಟ್ಟು ಹಿಡಿದರಂತೆ. ಆ ವಿನಯವಂತ ಹುಡುಗ ಮೇಜು ಕುಟ್ಟಿ, "ಇವತ್ತು ಸಹಾಯ ಮಾಡದಿದ್ದರೆ ನಾಳೆ ಅವರೂ ಡೀಸೆಲ್ ಎಂಜಿನ್ ತರುತ್ತಾರೆ. ಆಗ ಬೇಸ್‌ಲೈನ್ ಸಿಕ್ಕಿತು ಅಂತ ಸಂಭ್ರಮಪಡೋಣವೇ?" ಎಂದು ಕೂಗಿದನಂತೆ. ಕೊನೆಗೆ ಅರ್ಜಿಯಲ್ಲಿ ಹೊಸದೊಂದು ಸಾಲು ಸೇರಿತು: ಈಗ ಮೈಮುರಿದು ಮಾಡುತ್ತಿರುವ ಕೆಲಸ ಯಾವುದು? ಗಿರಣಿ ಮಂಜೂರಾಯಿತು. ಫೋನಿನಲ್ಲಿ ತಿಳಿಸಿದೆ. ಅತ್ತೆಗೆ ಸಂತೋಷವಾಯಿತೇ? ಛೆ! "ಒಂದು ಸಾಲು ಬರಿಯಾಕೆ ಇಷ್ಟು ದಿನ ಬೇಕಾಯ್ತಾ ಅವ್ರಿಗೆ?" ಎಂದು ಫೋನನ್ನೇ ಗದರಿಸಿದಳು.

ಗಿರಣಿ ಶುರುವಾದ ದಿನ ನಾನೂ ಹಟ್ಟಿಗೆ ಹೋಗಿದ್ದೆ. ಛಾವಣಿಯ ಮೇಲೆ ಫಲಕ, ಕೆಳಗೆ ಗುಂಯ್ ಎನ್ನುವ ಗಿರಣಿ. ಮೊದಲ ಹಿಟ್ಟು ಅತ್ತೆಯದೇ ಆಗಬೇಕೆಂದು ಹೆಂಗಸರೆಲ್ಲ ಹಟ ಹಿಡಿದರು. ಅತ್ತೆ ತನ್ನ ಮೂಟೆಯನ್ನು ಪಕ್ಕಕ್ಕೆ ತಳ್ಳಿ, ಇನ್ನೊಂದು ಸಣ್ಣ ಚೀಲ ಸುರಿದಳು. ಯಾರದು ಎಂದು ಕೇಳಿದೆ. "ನಿಂಗ್ಯಾಕ್ಲೇ?" ಎಂದಳು. ಬೀಸಿದ ಹಿಟ್ಟನ್ನು ಡಬ್ಬಿಗೆ ತುಂಬಿ ಸರಸರನೆ ಹೊರಟಳು. ನಾನೂ ಹಿಂದೆ ಹೋದೆ.

ಅತ್ತೆ ಹೋದದ್ದು ಅವಳ ವಾರಗಿತ್ತಿಯ ಮನೆಗೆ. ನಡುಗೋಡೆಯ ವಿಷಯದಲ್ಲಿ ಜಗಳವಾಗಿ ಅವರಿಬ್ಬರಿಗೆ ಮಾತು ಬಿಟ್ಟುಹೋಗಿ ನನಗೆ ನೆನಪಿರುವಷ್ಟು ಕಾಲವಾಗಿದೆ. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, ಬಾಗಿಲಿಗೆ ಕಾಲಿನಿಂದ ಎರಡು ಸಲ ಒದ್ದು, ಹಿಂದಿರುಗಿ ನೋಡದೆ ಹೊರಟೇಹೋದಳು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸೊಂಟ ಬಿದ್ದು ಗೋಡೆ ಹಿಡಿದೇ ನಡೆಯುವ ಆ ದೊಡ್ಡಮ್ಮ ನೆಲಕ್ಕೆ ಕೂತು, ಡಬ್ಬಿಯ ಮುಚ್ಚಳ ತೆಗೆದು, ಹಿಟ್ಟಿನ ಮೇಲೆ ಅಂಗೈ ಇಟ್ಟಳು. ಇಟ್ಟ ಕೈಯನ್ನು ತೆಗೆಯಲೇ ಇಲ್ಲ.

"ಬೆಚ್ಚಗೈತೆ ಕಣಮ್ಮ," ಎಂದಳು ನನ್ನ ಕಡೆ ನೋಡಿ. "ಇಷ್ಟು ವರ್ಸ ನನ್ ಹಿಟ್ಟೂ ಅಷ್ಟು ದೂರದಿಂದ ಹೊತ್ಕೊಂಡು ಬರಾಳು ನಿಮ್ಮತ್ತೆ... ಇಲ್ಲಿಗೆ ಬರಾ ಹೊತ್ಗೆ ಆರೋಗಿರ್ತಿತ್ತು."