ಬೆಚ್ಚಗಿನ ಸೀಟು

ದೆವ್ವಗಳ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು, ನಮ್ಮ ಮನೆತನದಲ್ಲಿ ಹೆಬ್ಬೆಟ್ಟಿನ ಬದಲು ಪೆನ್ನಿನಿಂದ ಸಹಿ ಹಾಕಿದ ಮೊದಲನೆಯವನು, ಆದ್ದರಿಂದ ದೆವ್ವ ಇಲ್ಲ. ಹಗಲು ಹೊತ್ತಿನಲ್ಲಿ, ನಾಲ್ಕು ಜನರ ನಡುವೆ ಯಾರು ಕೇಳಿದರೂ ಈ ಮಾತು ಹೇಳಲು ನಾನು ಸಿದ್ಧ. ಆದರೆ ಸೆಕೆಂಡ್ ಹ್ಯಾಂಡ್ ಸಾಮಾನುಗಳ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಒಬ್ಬರು ಬಳಸಿ ಬಿಟ್ಟದ್ದನ್ನು ನಾವು ಕೊಂಡೆವು ಎನ್ನಿ. ಅವರು ಅದನ್ನು ಪೂರ್ತಿ ಬಿಟ್ಟಿದ್ದಾರೆ ಎಂಬುದಕ್ಕೆ ಖಾತರಿ ಕೊಡುವವರು ಯಾರು?

ಇದು ಅನುಭವದ ಮಾತು. ನಾನು ಓದಿದ್ದೆಲ್ಲ ಹಳೇ ಪುಸ್ತಕಗಳಲ್ಲಿ. ಚಿತ್ರದುರ್ಗದ ಫುಟ್‌ಪಾತಿನಲ್ಲಿ ಕೊಂಡ ಭೌತಶಾಸ್ತ್ರದ ಪುಸ್ತಕದಲ್ಲಿ ಹಿಂದೆ ಓದಿದ್ದ ಯಾರೋ ಪುಣ್ಯಾತ್ಮ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಗೆರೆ ಬಿದ್ದಿದ್ದನ್ನಷ್ಟೇ ಓದಿದೆ, ಪರೀಕ್ಷೆಯಲ್ಲಿ ಅದೇ ಬಂತು. ಏಳನೆಯ ಅಧ್ಯಾಯದಲ್ಲಿ, ಒಂದು ವಾಕ್ಯದ ಅರ್ಧಕ್ಕೆ, ಗೆರೆ ನಿಂತುಹೋಗಿತ್ತು. ಪೆನ್ಸಿಲ್ ಮುರಿದಿತ್ತೋ, ಅವನ ಓದು ನಿಂತಿತ್ತೋ, ಇಲ್ಲಾ ಅವನೇ... ನಾನು ಆ ಪುಟವನ್ನು ಬೆರಳ ತುದಿಯಿಂದ ಮುಚ್ಚಿ ಇಟ್ಟೆ. ಎಂಟನೆಯ ಅಧ್ಯಾಯದ ಮುಖ ನೋಡದೆಯೇ ಪದವೀಧರನಾದೆ.

ಹೊಸದುರ್ಗದ ಹತ್ತಿರ ನಮ್ಮದೊಂದು ತೆಂಗಿನ ನಾರಿನ ಘಟಕವಿದೆ. ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಕಂದು ಪುಡಿಯನ್ನು ಒಣಗಿಸಿ ನರ್ಸರಿಗಳಿಗೆ ಕಳಿಸುತ್ತೇವೆ. ನಮ್ಮದು ಎಂದರೆ ಸಹಿ ನನ್ನದು, ಕೆಲಸ ಅಕ್ಕ ಗಂಗಮ್ಮನದು. ಅವಳು ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಬೇರೆಯವರ ಕಣದಲ್ಲಿ ಪುಡಿ ಎಳೆಯಲು ನಿಂತಳು. ನಾನು ಓದಿದೆ. ಈ ಪುಡಿಯ ರಾಶಿಯಷ್ಟು ನಂಬಿಕೆಗೆಟ್ಟ ವಸ್ತು ಇನ್ನೊಂದಿಲ್ಲ. ಮೇಲೆ ತಣ್ಣಗೆ ಮಲಗಿರುತ್ತದೆ, ಒಳಗೆ ಎಲ್ಲೋ ಬೆಂಕಿ ಸದ್ದಿಲ್ಲದೆ ಕೂತಿರುತ್ತದೆ. ಹೊಗೆ ಕಾಣುವ ಹೊತ್ತಿಗೆ ಅರ್ಧ ರಾಶಿ ಬೂದಿ. ಅದಕ್ಕೇ ಅಕ್ಕ ದಿನಾ ಬೆಳಿಗ್ಗೆ ಒಂದೊಂದು ರಾಶಿಗೂ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದಂತೆ.

ಆ ಪುಡಿ ಅವಳ ಎದೆಗೂ ಇಳಿಯಿತು. ಕೆಮ್ಮು ನಿಲ್ಲದೆ ಚಿತ್ರದುರ್ಗದ ಡಾಕ್ಟರಿಗೆ ತೋರಿಸಿದಾಗ ಅವರು, ಇನ್ನೊಂದು ವರ್ಷ ಹೀಗೇ ಧೂಳಿನಲ್ಲಿ ನಿಂತರೆ ಆಮೇಲೆ ನನ್ನ ಹತ್ತಿರ ಕರೆತರಬೇಡಿ ಎಂದರು. ನಾನು ಅವಳನ್ನು ಮನೆಯಲ್ಲಿ ಕೂರಿಸಿದೆ. ನಾನು ಅತ್ತ ತಿರುಗಿದರೆ ಅವಳು ಇತ್ತ ಕಣದಲ್ಲಿ ಇರುತ್ತಿದ್ದಳು. ಕೊನೆಗೆ ಅವಳೇ ದಾರಿ ಹೇಳಿದಳು: ಗಾಜಿನ ಕ್ಯಾಬಿನ್ ಇರುವ ಮಿಷನ್ ತಂದುಕೊಡು, ಒಳಗೆ ಕೂತು ಪುಡಿ ಎಳೆಯುತ್ತೇನೆ. ನಮ್ಮ ಶೆಡ್ಡಿನ ಕಂಬಗಳ ನಡುವೆ ದೊಡ್ಡ ಲೋಡರ್ ನುಗ್ಗುವುದಿಲ್ಲ. ನಿಂತ ಜಾಗದಲ್ಲೇ ಬುಗುರಿಯಂತೆ ತಿರುಗುವ, ಮುಂದೆ ಬಕೆಟ್ ಇರುವ ಸಣ್ಣ ಸ್ಕಿಡ್ ಲೋಡರ್ ಬೇಕು. ಹೊಸದು ನಮ್ಮ ಕೈಗೆ ಎಟುಕದು. ಹಳೇದೇ ಆಗಬೇಕು.

ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಹಳೇ ಲೋಡರ್ ಕೊಳ್ಳುವಾಗ ನೋಡಬೇಕಾದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಕೆಂಪು ಪೆನ್ನಿನಲ್ಲಿ ಗೆರೆಯನ್ನೂ ಎಳೆದೆ. ಅಕ್ಕ ಆ ಪಟ್ಟಿಯನ್ನು ನೋಡಿ, ಯಾರ ಕೈಯಲ್ಲಿ ದುಡಿದ ಗಾಡಿ ಅಂತ ಕೇಳೋದು ಬರೆದಿದ್ದೀಯಾ ಎಂದಳು. ಅದು ಪಟ್ಟಿಯಲ್ಲಿ ಇರಲಿಲ್ಲ. ಅದು ವೈಜ್ಞಾನಿಕ ಪ್ರಶ್ನೆಯಲ್ಲ ಎಂದು ತಿಳಿಸಿಹೇಳಿದೆ.

ಹಿರಿಯೂರು ದಾಟಿ ಹೆದ್ದಾರಿಯ ಪಕ್ಕದಲ್ಲಿ ರಹಮತ್ ಸಾಬರ ಯಾರ್ಡು. ಹಳೇ ಮಿಷನ್ನುಗಳ ವ್ಯಾಪಾರದಲ್ಲಿ ಅವರದು ಮೂರನೇ ತಲೆಮಾರು. ನಾವು ಹೋದಾಗ ಮಟಮಟ ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ನಾಲಿಗೆ ಚಾಚಿದಂತೆ ಬಕೆಟ್ ನೆಲಕ್ಕಿಟ್ಟ ಮಿಷನ್ನುಗಳು ಸಾಲಾಗಿ ನಿಂತಿದ್ದವು. ಪಕ್ಕದ ಗುಡ್ಡದ ಗಾಳಿಯಂತ್ರದ ರೆಕ್ಕೆಯ ನೆರಳು ಅವುಗಳ ಮೇಲೆ ಹಾಯ್ದು ಹೋಗುತ್ತಿತ್ತು. ನೆರಳು ಬಂದಾಗ ಅವೆಲ್ಲ ಕಣ್ಣು ಮುಚ್ಚಿದಂತೆ, ಹೋದಾಗ ತೆರೆದಂತೆ. ಸದ್ದೇ ಇಲ್ಲ. ನಾನು ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡೆ.

ಮೊದಲನೆಯದಕ್ಕೆ ಹೊಸ ಬಣ್ಣ ಬಳಿದಿತ್ತು. ಬಕೆಟ್ಟಿನ ತೋಳು ಹಿಡಿದು ಅಲ್ಲಾಡಿಸಿದರೆ ಮುದುಕನ ಹಲ್ಲಿನಂತೆ ಅಲ್ಲಾಡಿತು. ಎರಡನೆಯದು ಗಟ್ಟಿ, ಆದರೆ ಕ್ಯಾಬಿನ್ನಿಗೆ ಗಾಜಿಲ್ಲ, ಕೆಳಗೆಲ್ಲ ಆಯಿಲ್ ಸೋರಿದ ಕಲೆ. ಮೂರನೆಯದು ಬೇವಿನ ಮರದ ಕೆಳಗೆ ಒಂಟಿಯಾಗಿ ನಿಂತಿತ್ತು. ಬಣ್ಣ ಮಾಸಿದ್ದರೂ ಸುತ್ತ ಗಾಜಿತ್ತು. ಪಟ್ಟಿಯ ಮೊದಲ ಸಾಲಿನ ಪ್ರಕಾರ ಇಂಜಿನ್ ಮುಟ್ಟಿ ನೋಡಿದೆ. ಮಾರುವವರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿರಬಾರದು. ತಣ್ಣಗಿತ್ತು. ಖುಷಿಯಾಗಿ ಒಳಗೆ ಹತ್ತಿ ಕೂತೆ.

ಸೀಟು ಬೆಚ್ಚಗಿತ್ತು.

ಬಸ್ಸಿನಲ್ಲಿ ಯಾರೋ ಈಗಷ್ಟೇ ಎದ್ದುಹೋದ ಜಾಗದಲ್ಲಿ ಕೂತಾಗ ಆಗುತ್ತದಲ್ಲ, ಅದೇ ಬಿಸಿ. ಎಡಗಡೆಗೆ ಒಂದು ಕುಳಿ ಬಿದ್ದಿತ್ತು, ಯಾರೋ ವರ್ಷಗಟ್ಟಲೆ ವಾಲಿಕೊಂಡು ಕೂತ ಹಾಗೆ. ನಾನೂ ತಾನಾಗಿಯೇ ಎಡಕ್ಕೆ ವಾಲಿದೆ. ಏನೂ ಆಗಿಲ್ಲವೆಂಬಂತೆ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಶುರುವಾಯಿತು.

ಪಟ್ಟಿಯಲ್ಲಿ ಎರಡು ಸಲ ಗೆರೆ ಎಳೆದ ಪರೀಕ್ಷೆ ಒಂದಿತ್ತು. ಈ ಮಿಷನ್ನಿಗೆ ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ. ಮೇಲೆ ಮನುಷ್ಯ ಕೂತಿದ್ದರೆ ಮಾತ್ರ ಬಕೆಟ್ ಏಳುತ್ತದೆ, ಎದ್ದರೆ ಎಲ್ಲ ಬಂದ್. ಡ್ರೈವರ್ ಇಳಿಯುವಾಗ ಬಕೆಟ್ ಅವನ ಮೇಲೆ ಬೀಳದಿರಲಿ ಎಂದು. ನಾನು ತಲೆಯನ್ನು ಚಾವಣಿಗೆ ಒತ್ತಿಕೊಂಡು ಅರ್ಧ ಎದ್ದು, ಲಿವರ್ ಎಳೆದೆ. ಬಕೆಟ್ ಮೆಲ್ಲಗೆ ಮೇಲೆದ್ದಿತು.

ನನ್ನ ಬೆನ್ನ ಹಿಂದೆ, ನಾನು ಬಿಟ್ಟೆದ್ದ ಸೀಟಿನಲ್ಲಿ, ಮಿಷನ್ನಿನ ಲೆಕ್ಕದಲ್ಲಿ ಯಾರೋ ಕೂತಿದ್ದರು.

ಗಾಳಿಯಂತ್ರದ ನೆರಳು ಒಂದು ಸಲ ಗಾಜಿನ ಮೇಲೆ ಹಾಯಿತು. ಇಳಿದು ಓಡೋಣವೆಂದರೆ ಬಾಗಿಲು ಇರುವುದು ಮುಂದುಗಡೆ, ಅಲ್ಲಿ ಎತ್ತಿದ ಬಕೆಟ್ಟಿನ ತೋಳುಗಳು ಅಡ್ಡ. ಇಳಿಸಲು ಲಿವರನ್ನು ಮುಂದಕ್ಕೆ ತಳ್ಳಬೇಕು, ಬಗ್ಗಿ ನಿಂತ ನನಗೆ ಅಷ್ಟು ದೂರ ಕೈ ಹೋಗುತ್ತಿಲ್ಲ. ಅಂದರೆ ಹೊರಗೆ ಬರಬೇಕಾದರೆ ಮತ್ತೆ ಆ ಸೀಟಿನಲ್ಲಿ ಕೂರಬೇಕು. ಕೂತವರ ತೊಡೆಯ ಮೇಲೆ! ಮೂರು ವರ್ಷದ ಪದವಿಯಲ್ಲಿ ಇಂಥ ಸಂದರ್ಭಕ್ಕೆ ಒಂದು ಸೂತ್ರವನ್ನೂ ಕಲಿಸಿರಲಿಲ್ಲ. ನನ್ನ ದೇಹವನ್ನು ಆದಷ್ಟು ಹಗುರ ಮಾಡಿಕೊಂಡು, ಮನಸ್ಸಿನಲ್ಲೇ ಕ್ಷಮೆ ಕೇಳಿ ಕೂತೆ. ಬಕೆಟ್ ಇಳಿಸಿ ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಸ್ವಿಚ್ ಕೆಟ್ಟಿದೆ, ಇದು ಬೇಡ, ನಡಿ ಎಂದು ಅಕ್ಕನಿಗೆ ಹೇಳಿದೆ. ನನ್ನ ದನಿ ಬೇರೆ ಯಾರದ್ದೋ ಇದ್ದಂತಿತ್ತು.

ಅಕ್ಕ ನನ್ನನ್ನು ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸಾಬರ ಕಡೆ ತಿರುಗಿ ತನ್ನ ಪ್ರಶ್ನೆ ಕೇಳಿದಳು.

"ಯಾರ ಕೈಯಾಗೆ ದುಡಿದಿದ್ದು ಸಾಬ್ರೇ ಇದು?"

ಸಾಬರು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. "ಸುಳ್ಳು ಹೇಳಿ ಮಾರಲ್ಲಮ್ಮ. ಒಂದೇ ಕೈ ಗಾಡಿ. ಕಲ್ಲಿನ ಫ್ಯಾಕ್ಟ್ರಿಯಾಗೆ ಬೋರಣ್ಣ ಅಂತ ಇದ್ರು, ಹತ್ತು ವರ್ಷ ಅವ್ರೇ ಓಡ್ಸಿದ್ದು. ಮನೇಲೇ ತೀರ್ಕಂಡ್ರು, ಗಾಡಿ ಮ್ಯಾಗಲ್ಲ. ಆಮ್ಯಾಕೆ ಹತ್ತಿದ ಡ್ರೈವರ್‌ಗಳೆಲ್ಲ, ನಾವು ಎದ್ರೂ ಅವ್ರು ಏಳಲ್ಲ ಅಂತ ಇಳಿದು ಹೋದ್ರು. ಐತೆ ಅಂತ ನಾನು ಹೇಳಲ್ಲ. ಇಲ್ಲ ಅಂತಾನೂ ಹೇಳಲ್ಲ."

ಅಕ್ಕ ಸೀರೆ ಸೆರಗು ಸಿಕ್ಕಿಸಿ ಇಂಜಿನ್ ಬಂದ್ ಮಾಡಿಸಿದಳು. ರಾಶಿಗೆ ಕೈ ಹಾಕುವ ಹಾಗೆಯೇ ಸೀಟಿನ ಮೆತ್ತೆಯ ಕೆಳಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಜಾಗ ಬಿಡಲು.

"ಒಳಗೆ ಕಾವು ಐತೆ," ಎಂದಳು. ಆಮೇಲೆ ಕೈ ಹೊರಗೆ ಬಂತು. ಹಳೇ ಟವೆಲ್ಲಿನಲ್ಲಿ ಸುತ್ತಿದ, ತೆಂಗಿನಕಾಯಿಗಿಂತ ಚಿಕ್ಕದಾದ ಚಪ್ಪಟೆ ಕರಿ ಕಲ್ಲು.

ಜೀವ ಬಂತು. ಕಲ್ಲು ಬಿಸಿಲಿನ ಶಾಖ ಹಿಡಿದಿಟ್ಟುಕೊಂಡಿದೆ, ಬೆಳಗಿನ ಬಿಸಿಲು ಗಾಜಿನಿಂದ ಒಳಗೆ ಬಿದ್ದಿರುತ್ತದೆ, ಅದೇ ಕಲ್ಲು ಸ್ವಿಚ್ಚನ್ನೂ ಒತ್ತಿದೆ ಎಂದು ಇಬ್ಬರಿಗೂ ಪಾಠ ಮಾಡಿದೆ. ಸಾಬರು ಕೇಳಿಸಿಕೊಳ್ಳಲಿಲ್ಲ. ಅವರಿಗೆ ಏನೋ ನೆನಪಾಗಿತ್ತು. ಬೋರಣ್ಣನಿಗೆ ಈ ಗಾಡಿ ಹತ್ತುವ ಮೊದಲೇ ಕಲ್ಲಿನ ಧೂಳು ಎದೆಗಿಳಿದಿತ್ತಂತೆ, ಕೊನೆಕೊನೆಗೆ ಮೈಯಲ್ಲಿ ಏನೂ ಉಳಿದಿರಲಿಲ್ಲವಂತೆ. ಓಡಿಸುತ್ತಿದ್ದ ಹಾಗೇ ಮಿಷನ್ ನಿಂತುಬಿಡುತ್ತಿತ್ತಂತೆ, ಸೀಟಿನಲ್ಲಿ ಯಾರೂ ಇಲ್ಲವೆಂದು. ಕೆಲಸ ಹೋಗುತ್ತದೆಂದು ಹೆದರಿ ಆತ ತನ್ನ ತೂಕಕ್ಕೆ ಕಲ್ಲಿನ ತೂಕ ಸೇರಿಸಿಕೊಂಡಿದ್ದ.

ಅಕ್ಕ ಕಲ್ಲನ್ನು ನೆಲಕ್ಕಿಟ್ಟು ತಾನೇ ಹತ್ತಿ ಕೂತಳು. ಎಡಗಡೆಯ ಕುಳಿ ಅವಳಿಗೆ ಅಳತೆ ತೆಗೆದಂತಿತ್ತು. ಇಂಜಿನ್ ಶುರುವಾಯಿತು. ಲಿವರ್ ಎಳೆದಳು. ಬಕೆಟ್ ಅಲ್ಲಾಡಲಿಲ್ಲ.

"ಸರಿಯಾಗಿ ಕುಂತ್ಕಳ್ರಮ್ಮ," ಎಂದರು ಸಾಬರು.

"ಕುಂತೀನಲ್ಲಪ್ಪ."

ಮತ್ತೆ ಎಳೆದಳು. ಇಲ್ಲ. ಸತ್ತವನನ್ನು ಅಷ್ಟು ದಿನ ಇದ್ದಾನೆಂದು ನಂಬಿದ್ದ ಮಿಷನ್, ನನ್ನ ಕಣ್ಣೆದುರು ಉಸಿರಾಡುತ್ತ ಕೂತ ಅಕ್ಕನನ್ನು ಇಲ್ಲವೆಂದಿತು. ನಾನು ಅವಳ ಮಣಿಕಟ್ಟನ್ನು ನೋಡಿದೆ. ಬಳೆಗಳು ಮೊಣಕೈವರೆಗೆ ಜಾರಿದ್ದವು. ಯಾವಾಗಿನಿಂದ ಹಾಗಿದ್ದವೋ, ದಿನಾ ಎದುರಿಗೆ ಕೂತು ಉಂಡವನಿಗೆ ಗೊತ್ತಿರಲಿಲ್ಲ.

ಅಕ್ಕ ಗಾಜಿನೊಳಗಿನಿಂದ ನನ್ನನ್ನೇ ನೋಡುತ್ತಿದ್ದಳು. "ಲೇ ತಮ್ಮ, ಬಿಎಸ್ಸಿ ಮಾಡ್ದೋನು ನೀನು. ನೀನೇ ಹೇಳು. ನಾನು ಇದೀನೋ, ಇಲ್ವೋ?"

ನಾನು ನೋಟ್‌ಬುಕ್ ಮುಚ್ಚಿದೆ. ಇದ್ದೀಯ ಎಂದೆ. ಕಲ್ಲನ್ನು ವಾಪಸ್ ಇಟ್ಟರಾಯಿತು ಎಂದಳು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅವಳು ಇಳಿದರೆ ಮಿಷನ್ನಿಗೆ ಗೊತ್ತಾಗಬೇಕು, ಕೂತರೂ ಗೊತ್ತಾಗಬೇಕು. ಸಾಬರು ಅಲ್ಲೇ ಮೆಕ್ಯಾನಿಕ್ಕನ್ನು ಕರೆಸಿ ಸ್ವಿಚ್ಚಿಗೆ ಮೆದು ಸ್ಪ್ರಿಂಗ್ ಹಾಕಿಸಿದರು. ಆಮೇಲೆ ಅಕ್ಕ ಕೂತು ಲಿವರ್ ಎಳೆದಾಗ ಬಕೆಟ್ ಎದ್ದಿತು. ಅವಳು ಎದ್ದಾಗ ಎಲ್ಲ ನಿಂತಿತು. ಅಲ್ಲೇ ವ್ಯಾಪಾರ ಮುಗಿಯಿತು.

ಈಗ ಅಕ್ಕ ಗಾಜಿನೊಳಗೆ ಕೂತು ಪುಡಿ ಎಳೆಯುತ್ತಾಳೆ. ಕೆಮ್ಮು ಕಡಿಮೆಯಾಗಿದೆ. ಚೀಲ ತೂಗುವ ತಕ್ಕಡಿಯಲ್ಲಿ ತಿಂಗಳಿಗೊಮ್ಮೆ ಅವಳನ್ನು ನಿಲ್ಲಿಸುತ್ತೇನೆ, ಬೈದುಕೊಂಡೇ ನಿಲ್ಲುತ್ತಾಳೆ. ಆ ಕಲ್ಲನ್ನು ಶೆಡ್ಡಿನ ಕಂಬದ ಬುಡದಲ್ಲಿ ಇಟ್ಟು ದಿನಾ ಒಂದು ಚೊಂಬು ನೀರು ಹಾಕುತ್ತಾಳೆ. ಅದು ಬರೀ ಕಲ್ಲು ಎಂದರೆ, ಅದೂ ಬೋರಣ್ಣನ ಜೊತೆ ಸರ್ವಿಸ್ ಮಾಡೈತೆ ಅನ್ನುತ್ತಾಳೆ.

ಒಂದು ವಿಷಯ ಮಾತ್ರ ನಾನು ಅವಳಿಗೆ ಹೇಳಿಲ್ಲ. ಬೆಳಿಗ್ಗೆ ಅವಳು ಬರುವ ಮುಂಚೆ ಮಿಷನ್ ಒರೆಸುವ ಕೆಲಸ ನನ್ನದು. ಅದು ಶೆಡ್ಡಿನ ಒಳಮೂಲೆಯಲ್ಲಿ ನಿಲ್ಲುತ್ತದೆ, ಬಿಸಿಲು ಅಲ್ಲಿಗೆ ಬರುವುದಿಲ್ಲ. ಇಂಜಿನ್ ತಣ್ಣಗಿರುತ್ತದೆ. ಕಲ್ಲು ಕಂಬದ ಬುಡದಲ್ಲಿ ಒದ್ದೆಯಾಗಿ ಕೂತಿರುತ್ತದೆ. ಆದರೆ ಸೀಟು ಬೆಚ್ಚಗಿರುತ್ತದೆ. ಇದಕ್ಕೆ ವೈಜ್ಞಾನಿಕ ಕಾರಣ ಇದ್ದೇ ಇರುತ್ತದೆಂದು ಅಟ್ಟದಿಂದ ಹಳೇ ಪುಸ್ತಕ ಇಳಿಸಿ ನೋಡಿದೆ. ಶಾಖದ ಪಾಠ ಎಂಟನೆಯ ಅಧ್ಯಾಯ. ಅಲ್ಲಿ ಒಂದು ಗೆರೆಯೂ ಇಲ್ಲ. ನಾನು ಪುಸ್ತಕವನ್ನು ಬೆರಳ ತುದಿಯಿಂದ ಮುಚ್ಚಿ ಇಟ್ಟೆ. ದೆವ್ವ ಇಲ್ಲ ಎಂಬ ನನ್ನ ನಿಲುವಿನಲ್ಲಿ ಬದಲಾವಣೆಯೇನಿಲ್ಲ. ದಿನಾ ಬೆಳಿಗ್ಗೆ ಸೀಟು ಒರೆಸಿ, ಸುತ್ತ ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡು, ಮೆಲ್ಲಗೆ ಇಷ್ಟು ಮಾತ್ರ ಹೇಳಿ ಇಳಿಯುತ್ತೇನೆ: "ಬೋರಣ್ಣಾರೇ, ಸ್ವಲ್ಪ ಆಕಡೆ ಸರೀರಿ, ಅಕ್ಕ ಬರ್ತಾಳೆ."